ಹೆರಿಗೆ ಕೋಣೆಯ ಮಾತಿಗೆ ಹಾಡಿಗೆ ಹೋದದ್ದು

ಬಸ್ಸು ಹುಣಸೂರು ಬಿಟ್ಟಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹೆಗ್ಗಡದೇವನ ಕೋಟೆಗೆ ಟಿಕೆಟ್ಟು ಒಂದೂವರೆ ರೂಪಾಯಿ. ನನಗೆ ಸಿಕ್ಕಿದ್ದು ಅರ್ಧ ಸೀಟು, ಉಳಿದರ್ಧ ಯಾರದೋ ಕೋಳಿಬುಟ್ಟಿಯ ಪಾಲು. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಂದ ಗಂಟಲು ಕೆರೆಯುವ ವಾಸನೆ ಬರುತ್ತಿತ್ತು. ಎಪ್ಪತ್ತರ ದಶಕದ ನಡುವಿನ ಒಂದು ಭಾದ್ರಪದ ಅದು. ಆಗ ನಾನು ಹುಣಸೂರಿನ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರಾಗಿದ್ದೆ.

ಹೊರಟಿದ್ದು ಅಂತರಸಂತೆಯಾಚೆ ಕಾಡಂಚಿನಲ್ಲಿದ್ದ ಜೇನುಕುರುಬರ ಹಾಡಿಗೆ. ಅಲ್ಲಿನ ಹೆಂಗಸರಿಗೆಂದು ಒಂದು ಹೆರಿಗೆ ಕೋಣೆ ಮಂಜೂರಾಗಿತ್ತು. ರಸ್ತೆ ಬದಿಗೇ ಕಟ್ಟಿ ಕೈತೊಳೆದುಕೊಳ್ಳೋಣ ಎಂಬುದು ಮೇಲಿನವರ ಲೆಕ್ಕ. "ಅವರನ್ನ ಕೇಳೋದೇನಿದೆ ಡಾಕ್ಟರೇ? ಕಟ್ಟಿದ್ರೆ ಬರ್ತಾರೆ" ಅಂದಿದ್ದರು. ಹಾಗೆ ಕಟ್ಟಿದ ಮೇಲೆ ಯಾರೂ ಬಾರದೆ, ಕೊನೆಗೆ ಒಣಹುಲ್ಲು ತುಂಬಿಟ್ಟಿದ್ದ ಕೋಣೆಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಕೇಳಿಯೇ ಬರುತ್ತೇನೆಂದು ಹಟ ಹಿಡಿದು ರಜೆ ಹಾಕಿದೆ.

ಹೋಗಲು ಇನ್ನೊಂದು ಕಾರಣವೂ ಇತ್ತು. ಆ ಹಾಡಿಯ ಬೊಳ್ಳಿ ಎಂಬ ಹುಡುಗಿಯನ್ನು ಅಂತರಸಂತೆಯ ಹಿಂದಿನ ಸಂತೆಯಲ್ಲಿ ನೋಡಿದ್ದೆ. ಎಂಟು ತಿಂಗಳ ಬಸುರಿ. ಮುಖ, ಕಾಲು ಊದಿಕೊಂಡಿದ್ದವು, ರಕ್ತದೊತ್ತಡ ಏರಿತ್ತು. ಆಸ್ಪತ್ರೆಗೆ ಸೇರದಿದ್ದರೆ ತಾಯಿ, ಮಗು ಇಬ್ಬರೂ ಉಳಿಯುವುದು ಕಷ್ಟವೆಂದು ಬಿಡಿಸಿ ಹೇಳಿದ್ದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ಒಂದು ಮಾತೂ ಆಡದೆ ಜನದೊಳಗೆ ಸೇರಿಹೋಗಿದ್ದಳು.

ಕೋಟೆಯಲ್ಲಿ ಇಡ್ಲಿ ತಿಂದು ಕಾದದ್ದೇ ಬಂತು, ಅಂತರಸಂತೆಯ ಬಸ್ಸು ಕೆಟ್ಟು ನಿಂತಿತ್ತು. ಹುಣಸೂರಿನ ಪಾತ್ರೆ ವ್ಯಾಪಾರಿ ಗಫಾರ್ ಸಾಹೇಬರು ತಮ್ಮ ಹಳೇ ವ್ಯಾನಿನಲ್ಲಿ ಅದೇ ಸಂತೆಗೆ ಹೊರಟಿದ್ದರು. ಅವರ ಇಬ್ಬರು ಮಕ್ಕಳನ್ನು ಹೆರಿಸಿದವಳು ನಾನೇ. "ಕುಂತ್ಕಳಿ ಡಾಕ್ಟ್ರಮ್ಮ, ಮಡಕೆ ತಪ್ಪಲೆ ಸದ್ದು ತಡ್ಕಂಡ್ರೆ ಸಾಕು" ಎಂದು ಮುಂದಿನ ಸೀಟು ಕೊಟ್ಟರು. ಹತ್ತು ಮೈಲಿ ದಾರಿಗೆ ನನ್ನ ತಲೆಯೇ ಒಂದು ತಪ್ಪಲೆಯಾಯಿತು. ಮಧ್ಯಾಹ್ನ ಸಂತೆ ಇಳಿದ ಮೇಲೆ, ಔಷಧಿ ಪೆಟ್ಟಿಗೆ ಹೊರಲು ಜನ ಬೇಕಲ್ಲ ಎಂದು ಅವರೇ ವ್ಯಾನನ್ನು ಕಾಡಿನ ದಾರಿಗೆ ತಿರುಗಿಸಿದರು. ಗಾಡಿಜಾಡು ಮುಗಿದಲ್ಲಿಂದ ಒಂದು ಮೈಲಿ ನಡೆದೆವು. ಲಂಟಾನ ಪೊದೆಗಳ ನಡುವೆ ಆನೆಯ ಲದ್ದಿ ಇನ್ನೂ ಹಸಿಯಾಗಿತ್ತು.

ಹಾಡಿಯವರು ಸುಟ್ಟ ಕಾಡುಗೆಣಸು, ಹಾಲಿಲ್ಲದ ಟೀ ಕೊಟ್ಟರು. ಗಂಡಸರು, ಹೆಂಗಸರು, ಎಲ್ಲರೂ ಮರದ ಕೆಳಗೆ ಕೂತರು. ನಾನು ತಂದಿದ್ದ ಕೋಣೆಯ ನಕ್ಷೆಯನ್ನು ಬೊಳ್ಳಿಯ ತಾಯಿ ಮಾಸ್ತಿ ನೋಡಿ ಪಕ್ಕಕ್ಕಿಟ್ಟಳು. ಬಿದಿರು ಕಡ್ಡಿಗಳನ್ನು ನೆಲದ ಮೇಲೆ ಜೋಡಿಸಿ ತಾನೇ ಒಂದು ಮನೆ ಹಾಕಿದಳು. ಬಾಗಿಲು ರಸ್ತೆಗೆ ಬೇಡ, ಹಾಡಿಯ ಕಡೆಗಿರಲಿ. ಬೇನೆ ಬಂದಾಗ ಹಿಡಿದುಕೊಳ್ಳಲು ತೊಲೆಗೆ ಒಂದು ಹಗ್ಗ. ತಾಯಿ, ಅಜ್ಜಿ ಕೂರಲು ಜಾಗ. ಒಳಗೆ ಬೆಂಕಿ. ಬೆಂಕಿಗೆ ನಾನು ಒಪ್ಪಲಿಲ್ಲ, ಹೊಗೆ ಮಗುವಿಗಾಗದು ಎಂದೆ. ವಾದ ಮಾಡಿ ಮಾಡಿ ಕೊನೆಗೆ ಒಲೆ ಜಗಲಿಗೆ ಬಂತು. ಕೆಲಸ ಮುಗಿಯಿತೆಂದು ನನಗೆ ಖುಷಿಯಾಗಿತ್ತು.

ಆಗ ಮಾಸ್ತಿ ಕೇಳಿದಳು: "ಉಟ್ಟೋದಕ್ಕೆ ಮನೆ ಆಯ್ತು ಕಣವ್ವ. ಸತ್ರೆ?"

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. "ನನ್ ದೊಡ್ ಮಗ್ಳು ಗೌರಿಗೂ ಬಸುರಲ್ಲಿ ಇಂಗೇ ಆಯ್ತು. ಜೀಪಲ್ಲಿ ಕೂರ್ಸ್ಕಂಡು ಎಲ್ಲೋ ದೂರದ ಆಸ್ಪತ್ರೆಗೆ ಕರ್ಕಂಡೋದ್ರು. ಕರ್ಕಂಡೋಗಕ್ಕೆ ಜೀಪಿತ್ತು, ತಂದು ಬುಡಕ್ಕೆ ಇರ್ನಿಲ್ಲ. ನಾವು ನಡ್ಕಂಡು ಓಗೋ ಒತ್ಗೆ ಸತ್ತು, ಮಣ್ಣೂ ಮಾಡ್ಬುಟ್ಟಿದ್ರು. ಎಲ್ಲಿ ಅಂತ ತೋರ್ಸೋರೂ ಇರ್ನಿಲ್ಲ. ನಮ್ಮೋರ ಪಕ್ಕ ಇಲ್ದೆ ಒಂಟಿಯಾಗವ್ಳೆ ಅವ್ಳು."

ಬೊಳ್ಳಿ ತಾಯಿಯ ಬೆನ್ನ ಹಿಂದೆ ಕೂತಿದ್ದಳು. ಸಂತೆಯಲ್ಲಿ ಅವಳು ಯಾಕೆ ಮಾತಾಡಲಿಲ್ಲವೆಂದು ಆಗ ತಿಳಿಯಿತು. ನಾವು ಎಷ್ಟು ಸಭೆ ನಡೆಸಿದ್ದೆವು, ಒಂದರಲ್ಲೂ ಈ ಮಾತು ಬಂದಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೆಣ ತರೋದಕ್ಕೆ ಸರ್ಕಾರದ ಜೀಪು ಬರುತ್ತೆ ಅಂತ ನಾನು ಮಾತು ಕೊಡಲಾರೆ ಮಾಸ್ತಿ" ಎಂದೆ.

ಔಷಧಿ ಪೆಟ್ಟಿಗೆಯ ಪಕ್ಕ ಕೂತಿದ್ದ ಗಫಾರ್ ಸಾಹೇಬರು ಟೋಪಿ ಸರಿಮಾಡಿಕೊಂಡರು. "ನಾನೊಂದು ಮಾತು ಯೋಳ್ತೀನಿ. ನಮ್ಮಲ್ಲಿ ಜನಾಜಕ್ಕೆ, ಅಂದ್ರೆ ಹೆಣಕ್ಕೆ, ಹೆಗಲು ಕೊಡೋದು ಸವಾಬು. ನೀವು ಪುಣ್ಯ ಅಂತೀರಲ್ಲ, ಅದು. ಗುರ್ತಿಲ್ದೋರಾದ್ರೂ ನಾಲ್ಕೆಜ್ಜೆ ಹೋಗ್ಬೇಕು. ಡಾಕ್ಟ್ರಮ್ಮ ಯಾವೊತ್ತು ಯೋಳಿ ಕಳ್ಸಿದ್ರೂ ನನ್ ವ್ಯಾನಲ್ಲಿ ತಂದು ಬುಡ್ತೀನಿ. ದೇವ್ರು ಅಂಥದ್ದು ತರದೆ ಇರ್ಲಿ."

"ನೀನಿಲ್ದಿದ್ರೆ?" ಎಂದಳು ಮಾಸ್ತಿ.

"ತಮ್ಮ ಅವ್ನೆ."

ಕೆಲವರು ನಕ್ಕರು, ಮಾಸ್ತಿ ನಗಲಿಲ್ಲ. "ಬೆಳಗ್ಗೆ ಯೋಳ್ತೀವಿ" ಎಂದು ಎದ್ದಳು. ದೊಡ್ಡ ಮಾತಿಗೆ ಅದೇ ದಿನ ಉತ್ತರ ಕೊಡುವ ಪದ್ಧತಿ ಹಾಡಿಯಲ್ಲಿಲ್ಲ. ನಾನು ಮಾಸ್ತಿಯ ಗುಡಿಸಲಲ್ಲಿ ಮಲಗಿದೆ, ಸಾಹೇಬರು ವ್ಯಾನಿನಲ್ಲಿ.

ಬೆಳಗ್ಗೆ ಮಾಸ್ತಿ ನಮ್ಮಿಬ್ಬರನ್ನೂ ಕರೆದಳು. ಎಲ್ಲಿಗೆಂದು ಹೇಳಲಿಲ್ಲ. ಗಾಡಿಜಾಡಿನಿಂದ ಕಾಲುದಾರಿ ಹಿಡಿದು, ಒಂದು ಮತ್ತಿ ಮರದ ಹತ್ತಿರ ಎಡಕ್ಕೆ ತಿರುಗಿ, ಹಾಡಿಯವರು ಮಣ್ಣು ಮಾಡುವ ಜಾಗಕ್ಕೆ ಕರೆದೊಯ್ದಳು. ಅಲ್ಲಲ್ಲಿ ಕಲ್ಲು ನೆಟ್ಟಿದ್ದರು. "ಇದು ನಮ್ಮವ್ವ. ಅವ್ವನ ಪಕ್ಕ ಗೌರಿದು, ಖಾಲಿ ಐತೆ. ಈ ಕಡೆ ಬೊಳ್ಳಿದು" ಎಂದು ಕಾಲಿನಿಂದ ನೆಲದ ಮೇಲೆ ಗೆರೆ ಎಳೆದಳು. ಹೊರುವವರು ಜಾಗವನ್ನು ಮೊದಲೇ ಕಂಡಿರಬೇಕಂತೆ. ಬದುಕಿರುವ ಮಗಳ ಜಾಗವನ್ನು ತಾಯಿಯೇ ತೋರಿಸುವಾಗ ನನಗೆ ಅಳು ತಡೆಯಲಾಗಲಿಲ್ಲ. ಸಾಹೇಬರು ಕೈ ಎತ್ತಿ ತಮ್ಮ ಪ್ರಾರ್ಥನೆ ಹೇಳಿಕೊಂಡರು.

ಅಷ್ಟಕ್ಕೇ ಬಿಡಲಿಲ್ಲ ಮಾಸ್ತಿ. ನಮ್ಮನ್ನು ವ್ಯಾನಿನವರೆಗೆ ವಾಪಸ್ಸು ಕರೆತಂದು, "ಈಗ ನೀವು ಮುಂದೆ ನಡೀರಿ" ಎಂದಳು. ಅಷ್ಟರಲ್ಲಿ ಬೊಳ್ಳಿಯೂ ಬಂದು ನಮ್ಮ ಹಿಂದೆಯೇ ನಡೆದಳು. ಮತ್ತಿ ಮರದ ಹತ್ತಿರ ಸಾಹೇಬರು ಬಲಕ್ಕೆ ಹೊರಟರು. ಮಾಸ್ತಿ ಅವರ ತೋಳು ಹಿಡಿದು ಎಡಕ್ಕೆ ತಿರುಗಿಸಿದಳು. ಜಾಗ ಮುಟ್ಟಿದ ಮೇಲೆ, "ಬೊಳ್ಳೀನ ಆಸ್ಪತ್ರೆಗೆ ಕರ್ಕಂಡೋಗಿ" ಎಂದಳು. ಅದೇ ಹಾಡಿಯ ಉತ್ತರ.

ಬಿಸಿಲೇರುವ ಮೊದಲು ಹೊರಟೆವು. ಹಾಡಿಯ ಜನವೆಲ್ಲ ವ್ಯಾನಿನವರೆಗೆ ಬಂದಿದ್ದರು. ಬೊಳ್ಳಿ ಒಂದು ಕಾಲನ್ನು ವ್ಯಾನಿನೊಳಗಿಟ್ಟು, ಬಾಗಿಲು ಹಿಡಿದು ನಿಂತಳು. ನನ್ನ ಕಡೆ ನೋಡಲಿಲ್ಲ.

"ಸಾಬ್ರೇ, ಮತ್ತಿ ಮರದತ್ರ ಯಾವ ಕಡೆ?"

"ಎಡಕ್ಕೆ ಕಣವ್ವ."

ಬೊಳ್ಳಿ ಇನ್ನೊಂದು ಕಾಲನ್ನೂ ಒಳಗಿಟ್ಟಳು.