ವಿದೋಸಾವಾ ಅಜ್ಜಿಯ ಐವಿ ಬಳ್ಳಿ

ಶನಿವಾರ ಬಂತೆಂದರೆ ವಾಲ್ಯೆವೊ ಪಟ್ಟಣದ ರಾಡೊಮಿರನ ಸಸಿ ಅಂಗಡಿಗೆ ವಿದೋಸಾವಾ ಅಜ್ಜಿ ಬಂದಳೆಂದೇ ಲೆಕ್ಕ. ಗಂಡನ ಸಮಾಧಿಗೆ ವರ್ಷವಿಡೀ ಹಸಿರಾಗಿರುವ ಗಿಡ ಬೇಕು; ತುರುಬಿನ ಪಿನ್ನು ಕಿತ್ತು ಪ್ರತಿ ಕುಂಡದ ಮಣ್ಣನ್ನೂ ಕೆದಕುತ್ತಾಳೆ, ಎರಡು ವರ್ಷದಿಂದ ಒಂದನ್ನೂ ಒಪ್ಪಿಲ್ಲ. ನೆಲಕ್ಕೆ ಹಬ್ಬುವ, ಸೂಜಿಯೆಲೆಯ ಜುನಿಪರ್ ತೋರಿಸಿದರೆ, "ಥೂ, ಅವನ ಗಡ್ಡದ ಹಾಗೇ ಚುಚ್ಚುತ್ತೆ." ಐವಿ ತೋರಿಸಿದರೆ, "ಬೇಡಪ್ಪಾ, ನನ್ನ ಕಡೆಗೂ ನುಗ್ಗುತ್ತೆ. ನಲವತ್ತು ವರ್ಷ ನನ್ನ ರಗ್ಗು ಎಳ್ಕೊಂಡಿದ್ದು ಸಾಲದಾ ಅವನಿಗೆ?" ಅವಳ ಕಡೆ ಎಂದರೆ ಗಂಡನ ಪಕ್ಕದಲ್ಲಿ ಅವಳಿಗೆಂದೇ ಇಟ್ಟ ಖಾಲಿ ಜಾಗ; ಗಂಡನ ಸಮಾಧಿಗಲ್ಲಿನ ಮೇಲೆಯೇ ತನ್ನ ಹೆಸರನ್ನೂ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿಸಿಟ್ಟಿದ್ದಾಳೆ. ಕೊನೆಗೊಮ್ಮೆ, "ಗಡಿ ದಾಟಿದರೆ ಕತ್ತರಿಸಿ ಬಿಸಾಕ್ತೀನಿ," ಎಂದು ಬೈಯುತ್ತಲೇ ಐವಿ ಒಯ್ದಳು. ವಸಂತದಲ್ಲಿ ತಾಯಿಯ ಸಮಾಧಿಗೆ ಹೋದ ರಾಡೊಮಿರ್ ಕುತೂಹಲಕ್ಕೆ ಅಜ್ಜಿಯ ಗಂಡನ ಸಮಾಧಿಯತ್ತಲೂ ಇಣುಕಿದ. ಬಳ್ಳಿ ಇನ್ನೂ ಗೇಣುದ್ದ. ಅದರ ಒಂದೇ ಒಂದು ಕುಡಿಯನ್ನು ಗಡಿ ದಾಟಿಸಿ ಅಜ್ಜಿಯ ಕಡೆಗೆ ಎಳೆದು, ಅವಳ ಹೆಸರಿನ ಕೆಳಗಿನ ಮಣ್ಣಿಗೆ ತುರುಬಿನ ಪಿನ್ನಿನಿಂದ ಸಿಕ್ಕಿಸಲಾಗಿತ್ತು.