ಮೊದಲ ಗುಟುಕಿನ ಟಾರ್ಮಡಜ್ಜ

ಟಾರ್ಮಡಜ್ಜ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ನೊಣ ಬಿದ್ದಿರಬೇಕೆಂದು ತಿಳಿದು ಅದನ್ನು ಕಸಿದು ಬೇರೆ ಗ್ಲಾಸು ತಂದುಕೊಟ್ಟ ಮಹಾಜಾಣ ನಾನು. ಅಜ್ಜ ನೋಡುತ್ತಿದ್ದದ್ದು ಏಲ್ ಬಿಯರಿನ ಬಣ್ಣವನ್ನು. ನಮ್ಮ ಸ್ಕೈ ದ್ವೀಪದಲ್ಲಿ ಯಾರು ಹೊಸ ಏಲ್ ಕುದಿಸಿದರೂ ಮೊದಲ ಗುಟುಕು ಅವನದೇ. ಮೂಸುತ್ತಾನೆ, ಟೋಪಿ ತೆಗೆದಿಟ್ಟು ಮತ್ತೆ ಮೂಸುತ್ತಾನೆ. ಅಷ್ಟರಲ್ಲಿ ಹೊರಗೆ ಮಳೆ ಬಂದು, ನಿಂತು, ಮತ್ತೆ ಬಂದಿರುತ್ತದೆ. “ಕುರಿ ತೊಳೆದ ನೀರು ಕಣಯ್ಯಾ” ಎಂದು ತೀರ್ಪು ಕೊಟ್ಟು ಅದನ್ನೇ ಇನ್ನೊಂದು ಗ್ಲಾಸು ಕೇಳುತ್ತಾನೆ. ದಿನವೆಲ್ಲ ಸಂಬಳಕ್ಕೆ ದೋಣಿ ಟಿಕೆಟು ಹರಿದು ಸಂಜೆ ನಾನು ಕುದಿಸಿದ ಮೊದಲ ಏಲ್ ಹುಳಿಯಾಗಿ ಊರೆಲ್ಲ ಉಗಿದಾಗ, ಅಜ್ಜನೊಬ್ಬನೇ ತಳ ಕಾಣುವತನಕ ಕುಡಿದ. ಏಲ್ ಕುದಿಸುವ ಹಂಡೆಯನ್ನೇ ಮಾರಲು ಹೊರಟಿದ್ದ ನಾನು ಕೇಳಿಯೇಬಿಟ್ಟೆ: “ಅಷ್ಟು ಕೆಟ್ಟದ್ದನ್ನ ಯಾಕಜ್ಜ ಕುಡಿದೆ?” “ನಾನೂ ಉಗಿದಿದ್ರೆ ನೀನು ಇನ್ನೊಂದ್ಸಲ ಕುದಿಸ್ತಿದ್ಯೇನೋ?”