ಅತ್ತೆಯ ಎದುರು ಎಪ್ಪತ್ತು ಕಿಲೋ

ಇವತ್ತು ಬೆಳಿಗ್ಗೆ ಶಾಲೆಯಲ್ಲಿ ಹೊಸ ಸೀಮೆಸುಣ್ಣದ ಡಬ್ಬಿ ಒಡೆದೆ. ಪುಡಿ ಅಂಗೈಗೆ ಅಂಟಿತು. ಹದಿನೆಂಟು ವರ್ಷದಿಂದ ಅಂಟುತ್ತಲೇ ಇದೆಯಲ್ಲ, ಅದರಲ್ಲೇನು ವಿಶೇಷ ಎನ್ನುತ್ತೀರಿ. ವಿಶೇಷವೇನೂ ಇಲ್ಲ. ಆದರೆ ಎರಡು ವರ್ಷದ ಹಿಂದೆ ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ, ಇಂಥದ್ದೇ ಬಿಳಿ ಪುಡಿಯನ್ನು ಎರಡೂ ಕೈಗೆ ಮೆತ್ತಿಕೊಂಡು, ಅತ್ತೆಯ ಎದುರು ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಿಂತಿದ್ದೆ. ಅದು ನೆನಪಾಗಿ, ಮಕ್ಕಳು ಏಳರ ಮಗ್ಗಿಯನ್ನು ಎರಡು ಸಲ ತಪ್ಪು ಹೇಳಿದರೂ ನನಗೆ ಕೇಳಿಸಲಿಲ್ಲ.

ನಾನು ಗುಂಡ್ಲುಪೇಟೆ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಆಗ ನನಗೆ ನಲವತ್ತೆರಡು. ನನ್ನನ್ನು ನೋಡಿದ ಯಾರಿಗೂ ಈಕೆ ಭಾರ ಎತ್ತುವವಳು ಎಂದು ಅನ್ನಿಸಲಾರದು; ನನಗೂ ಅನ್ನಿಸಿರಲಿಲ್ಲ. ಮೇಲಾಗಿ ನಮ್ಮ ಮನೆಯಲ್ಲಿ ನಾನು ಭಾರ ಎತ್ತಬಾರದವಳು. ಎರಡನೆಯ ಮಗುವಾದ ಮೇಲೆ ಇನ್ನು ಸಾಕೆಂದು ಆಪರೇಷನ್ ಮಾಡಿಸಿಕೊಂಡಿದ್ದೆ. ನಮ್ಮ ಕಡೆ ಆಪರೇಷನ್ ಆದ ಹೆಂಗಸು ಭಾರ ಎತ್ತುವಂತಿಲ್ಲ. ಎಷ್ಟು ದಿನ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನನ್ನ ಪಾಲಿಗೆ ಅದು ಹನ್ನೆರಡು ವರ್ಷ ನಡೆಯಿತು.

ಈ ಕಾನೂನು ಅತ್ತೆಯದು. ಅದಕ್ಕೆ ಕಾರಣವೂ ಇತ್ತು. ಅತ್ತೆ ತಮಗೆ ಆಪರೇಷನ್ ಆದ ಮೂರನೆಯ ವಾರವೇ ಕೂಲಿಗೆ ಹೋಗಿ ಹುಲ್ಲಿನ ಹೊರೆ ಹೊತ್ತಿದ್ದರಂತೆ. ಹೊಲದಲ್ಲೇ ಕುಸಿದು, ತಿಂಗಳುಗಟ್ಟಲೆ ನೆಲ ಹಿಡಿದಿದ್ದರಂತೆ. ಹಾಗಾಗಿ ನನ್ನ ಸರದಿ ಬಂದಾಗ ಅವರು ಒಂದು ಚರ್ಚೆಗೂ ಆಸ್ಪದ ಕೊಡಲಿಲ್ಲ. ಬೀದಿ ನಲ್ಲಿಯಿಂದ ಕೊಡಪಾನ ತರುವುದು, ರಾಗಿ ಚೀಲವನ್ನು ಮಿಲ್ಲಿಗೆ ಒಯ್ಯುವುದು, ಗ್ಯಾಸ್ ಸಿಲಿಂಡರ್ ಸರಿಸುವುದು, ಎಲ್ಲ ಅವರೇ. ನಾನು ಕೈ ಹಾಕಿದರೆ ಬಿಂದಿಗೆ ಕಿತ್ತುಕೊಳ್ಳುತ್ತಿದ್ದರು. ಗಂಡ ಬೆಳಗಿನ ಬಸ್ಸಿಗೆ ನಂಜನಗೂಡಿನ ಕೆಲಸಕ್ಕೆ ಹೋಗಿಬಿಡುತ್ತಿದ್ದುದರಿಂದ ಈ ಯುದ್ಧದಲ್ಲಿ ಅವರು ಯಾವ ಪಕ್ಷಕ್ಕೂ ಸೇರುತ್ತಿರಲಿಲ್ಲ. ನನ್ನನ್ನು ಮನೆಯಲ್ಲಿ ಗಾಜಿನ ಸಾಮಾನು ಮಾಡಿಟ್ಟಿದ್ದಾರೆಂದು ನಾನು ಸ್ಟಾಫ್ ರೂಮಿನಲ್ಲಿ ದೂರಿದ್ದೇ ದೂರಿದ್ದು.

ಹಾಗೆ ದೂರುವುದನ್ನು ಕೇಳಿ ಕೇಳಿ ಬೇಸತ್ತವರು ನಮ್ಮ ಪಿ.ಟಿ. ಮೇಷ್ಟ್ರು ಸಿದ್ದರಾಜು. ಸಂಜೆ ಹೊತ್ತು ಊಟಿ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಹೆಂಗಸರಿಗೆ ಕಬ್ಬಿಣ ಎತ್ತುವುದನ್ನು ಕಲಿಸುತ್ತಿದ್ದರು. ಡಾಕ್ಟರನ್ನು ಕೇಳಿಕೊಂಡು ಬನ್ನಿ ಎಂದರು. ಡಾಕ್ಟರಮ್ಮ ನಕ್ಕು, ಅದು ಕೆಲವು ವಾರಗಳ ಮಾತಮ್ಮ, ಹನ್ನೆರಡು ವರ್ಷದ್ದಲ್ಲ ಎಂದರು. ಮನೆಗೆ ಹೇಳದೆ ಶೆಡ್ಡಿಗೆ ಹೋಗತೊಡಗಿದೆ. ಎಂಟು ತಿಂಗಳಾದ ಮೇಲೆ ಚಾಮರಾಜನಗರದಲ್ಲಿ ಸ್ಪರ್ಧೆಯಿದೆ ಎಂದು ಮೇಷ್ಟ್ರು ನನ್ನ ಹೆಸರನ್ನೂ ಬರೆಸಿಬಿಟ್ಟರು. ಎರಡೂ ತುದಿಗೆ ತೂಕ ಸಿಕ್ಕಿಸಿ ನೆಲದ ಮೇಲಿಟ್ಟ ಕಬ್ಬಿಣದ ಸರಳನ್ನು ಎತ್ತಿ ನೆಟ್ಟಗೆ ನಿಲ್ಲಬೇಕು. ಎದುರಿನ ತೀರ್ಪುಗಾರ ಕೈ ಕೆಳಗೆ ಮಾಡಿ ‘ಡೌನ್’ ಎಂದ ಮೇಲೆ ಇಳಿಸಬೇಕು. ಮೂರು ಅವಕಾಶ. ಮೂರೂ ತಪ್ಪಿದರೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ನನಗೆ ಪದಕದ ಆಸೆಯಿರಲಿಲ್ಲ. ಒಂದೇ ಒಂದು ಸಲ ನಾಲ್ಕು ಜನರ ಮುಂದೆ ಸರಿಯಾಗಿ ಎತ್ತಬೇಕು, ಮುಗಿದುಹೋಯಿತೆಂದು ಪಕ್ಕಕ್ಕಿಟ್ಟ ಈ ಮೈ ಮುಗಿದಿಲ್ಲ ಎಂದು ನನಗೆ ಗೊತ್ತಾಗಬೇಕು, ಅಷ್ಟೇ ಬೇಕಾಗಿತ್ತು. ಅದು ತುಂಬಾ ಬೇಕಾಗಿತ್ತು.

ಮನೆಯಲ್ಲಿ ಶಿಕ್ಷಕರ ತರಬೇತಿ ಎಂದೆ. ನಮಗೆ ತರಬೇತಿಗಳಿಗೆ ಬರವಿಲ್ಲವಾದ್ದರಿಂದ ಇದಕ್ಕಿಂತ ನಂಬುವಂಥ ಸುಳ್ಳು ಬೇರೆಯಿಲ್ಲ. ಅತ್ತೆ ಸಂತೆಮರಹಳ್ಳಿಯ ತಂಗಿಯ ಮನೆಗೆ ಹೋಗಬೇಕೆಂದು ಜೊತೆಗೇ ಹೊರಟರು. ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಇಳಿದು, ಅವರನ್ನು ಸಂತೆಮರಹಳ್ಳಿ ಬಸ್ಸು ಹತ್ತಿಸಿದರೆ ನನ್ನ ದಾರಿ ಸಲೀಸು. ಅವರು ಹತ್ತಲಿಲ್ಲ. ಹಿಂದಿನ ದಿನ ನನ್ನ ಚೀಲ ಸರಿಸುವಾಗ ಅದರೊಳಗಿನ ಅಗಲದ ಸೊಂಟದ ಪಟ್ಟಿ ನೋಡಿದ್ದರು. ಭಾರ ಎತ್ತುವಾಗ ಕಟ್ಟಿಕೊಳ್ಳುವ ಪಟ್ಟಿ ಅದು. ಅವರು ಅದನ್ನು ಬೆನ್ನು ನೋವಿನ ಪಟ್ಟಿಯೆಂದು ತಿಳಿದಿದ್ದರು.

“ಬೆನ್ನು ನೋವ ನಂಗೇಳ್ದೆ ಮುಚ್ಚಿಟ್ಕಂಡಿದ್ದೀಯಲ್ಲಮ್ಮಿ. ನಡಿ, ಡಾಕ್ಟ್ರತ್ರ ನಾನೂ ಬತ್ತೀನಿ.”

ದಾರಿಯಲ್ಲಿ ನಿಜ ಹೇಳಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅತ್ತೆ ನನ್ನ ಹಿಂದೆಯೇ ನಡೆದು ಬಂದು, ಕಲ್ಯಾಣ ಮಂಟಪದ ಮೊದಲ ಸಾಲಿನಲ್ಲಿ, ಬೀಗಿತ್ತಿಯರು ಕೂರುವ ಜಾಗದಲ್ಲಿ ಕೂತರು. ವೇದಿಕೆಯ ಮೇಲೆ ಹಿಂದಿನ ದಿನದ ಮದುವೆಯ ಹೂವಿನ ಸರಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ಕೆಳಗೆ ಕಾಲೇಜು ಹುಡುಗಿಯೊಬ್ಬಳು ನೂರ ಹತ್ತು ಕಿಲೋ ಎತ್ತಿ ಇಳಿಸಿದಳು. ಅತ್ತೆ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

ನನ್ನ ಹೆಸರು ಕೂಗಿದರು. ಹಿಡಿತ ಜಾರದಿರಲೆಂದು ಕೈಗೆ ಬಿಳಿ ಪುಡಿ ಮೆತ್ತಿಕೊಂಡು ಹೋದೆ. ಎಪ್ಪತ್ತು ಕಿಲೋ. ಎತ್ತಿದೆ, ಅಂದುಕೊಂಡದ್ದಕ್ಕಿಂತ ಸುಲಭವಾಗಿ ಮೇಲೆ ಬಂತು. ಬಂದದ್ದೇ, ನಾನು ಒಂದು ಹೆಜ್ಜೆ ಮುಂದಿಟ್ಟೆ. ಯಾಕೆಂದು ಕೇಳಬೇಡಿ. ತವರು ಉಮ್ಮತ್ತೂರಿನಲ್ಲಿ ಹುಡುಗಿಯಾಗಿದ್ದಾಗ ನಾನು ಎತ್ತಿದ್ದೆಲ್ಲ ಎಲ್ಲಿಗಾದರೂ ಒಯ್ಯುವುದಕ್ಕೆ: ನೀರು ಮನೆಗೆ, ಸೌದೆ ಹಿತ್ತಿಲಿಗೆ, ಹುಲ್ಲು ಕೊಟ್ಟಿಗೆಗೆ. ಎತ್ತಿದ ಮೇಲೆ ನಡೆಯುವುದು ಕಾಲಿಗೆ ತಾನಾಗಿ ಗೊತ್ತು. ಶೆಡ್ಡಿನಲ್ಲೂ ಮೇಷ್ಟ್ರು ಇದಕ್ಕಾಗಿ ಬೈದಿದ್ದರು. ಕಾಲು ಕದಲಿದರೆ ತಪ್ಪು. ಮೂವರು ತೀರ್ಪುಗಾರರ ಮೂರೂ ಕೆಂಪು ಬಾವುಟ ಎದ್ದವು. ಅಸೆಂಬ್ಲಿಯಲ್ಲಿ ಕದಲಿದ ಮಕ್ಕಳನ್ನು ಹೆಸರು ಹಿಡಿದು ಕೂಗುವ ಟೀಚರಿಗೆ ತಕ್ಕ ಶಾಸ್ತಿ ಎನ್ನಿ.

ಎರಡನೆಯ ಸಲ ಹೆಜ್ಜೆ ಇಡಲಿಲ್ಲ. ಆದರೆ ಎತ್ತಿ ನಿಂತವಳ ಕಣ್ಣು ಅತ್ತೆಯ ಕಡೆ ಹೋಯಿತು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಹುಲ್ಲಿನ ಹೊರೆ ನೆನೆಯುತ್ತಿದ್ದರೋ ಏನೋ. ನಾನು ತೀರ್ಪುಗಾರನ ಕೈ ನೋಡದೆ, ತುಂಬಿದ ಕೊಡ ಇಳಿಸುವಷ್ಟು ನಾಜೂಕಾಗಿ ಸರಳನ್ನು ನೆಲಕ್ಕಿಟ್ಟುಬಿಟ್ಟೆ. ಮತ್ತೆ ಕೆಂಪು.

ಇನ್ನು ಉಳಿದದ್ದು ಒಂದೇ. ಪಕ್ಕದ ಬೆಂಚಿನ ಮೇಲೆ ಕೂತೆ. ಇದೂ ತಪ್ಪಿದರೆ ಮತ್ತೆ ಶೆಡ್ಡಿನ ಕಡೆ ತಲೆ ಹಾಕುವುದಿಲ್ಲವೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಬಿಡುವುದೂ ಇಲ್ಲ, ಬಿಟ್ಟರೂ ನನಗೇ ಮುಖವಿರುವುದಿಲ್ಲ. ಅತ್ತೆ ಎದ್ದು ಬರುವುದು ಕಾಣಿಸಿತು. ಮನೆಗೆ ಕರೆದೊಯ್ಯಲು ಬಂದರು ಎಂದುಕೊಂಡೆ. ಅವರು ಮೇಷ್ಟ್ರನ್ನು ಮೊಣಕೈಯಿಂದ ಆಚೆ ಸರಿಸಿ ನನ್ನ ಮುಂದೆ ಬಗ್ಗಿದರು.

“ಎತ್ಬುಟ್ಟ ಮ್ಯಾಲೆ ಕೆಲ್ಸ ಮುಗೀತು ಕಣಮ್ಮಿ. ಯಾರ ಮನ್ಗೂ ಒಯ್ಯಂಗಿಲ್ಲ. ನನ್ನ ನೋಡ್ಬೇಡ, ಅವ್ನ ಕೈ ನೋಡು.”

ಒಂದು ಗಂಟೆ ಕೂತು ನೋಡಿ ಅವರು ಆಟದ ನಿಯಮವನ್ನೆಲ್ಲ ಕಲಿತಿದ್ದರು. ನಾನು ಎಂಟು ತಿಂಗಳಲ್ಲಿ ಕಲಿತಿರಲಿಲ್ಲ.

ಮೂರನೆಯ ಸಲ ಎತ್ತಿ ನಿಂತೆ. ತೀರ್ಪುಗಾರ ಬೇಕೆಂದೇ ತಡಮಾಡಿದನೆಂದು ನನಗೆ ಈಗಲೂ ಗುಮಾನಿ. ಎತ್ತಿದ್ದನ್ನು ಎಲ್ಲಿಗೂ ಒಯ್ಯದೆ ಸುಮ್ಮನೆ ನಿಂತದ್ದು ನನ್ನ ಜೀವಮಾನದಲ್ಲೇ ಮೊದಲು. ಕೈ ಕೆಳಗಾಯಿತು, ಇಳಿಸಿದೆ, ಬಿಳಿ ಬಾವುಟಗಳು ಎದ್ದವು. ನಾನು ಅತ್ತುಬಿಟ್ಟೆ. ನನ್ನ ವಯಸ್ಸಿನ ಗುಂಪಿನಲ್ಲಿ ಇದ್ದವರು ಮೂವರು, ನನಗೆ ಮೂರನೆಯ ಸ್ಥಾನ. ಕಂಚಿನ ಪದಕವನ್ನು ಯಾರಿಗಾದರೂ ತೋರಿಸುವಾಗ ಮೊದಲ ಸಂಗತಿಯನ್ನು ನಾನು ಹೇಳುವುದಿಲ್ಲ.

ಅತ್ತೆ ಸಂತೆಮರಹಳ್ಳಿಗೆ ಹೋಗಲಿಲ್ಲ, ನನ್ನ ಜೊತೆಗೇ ಗುಂಡ್ಲುಪೇಟೆ ಬಸ್ಸು ಹತ್ತಿದರು. ಬಸ್ಸು ತೆರಕಣಾಂಬಿ ದಾಟಿತು. ಕಿಟಕಿಯಾಚೆ ಚೆಂಡು ಹೂವಿನ ಹೊಲಗಳು, ನಿಂತು ಫೋಟೋ ತೆಗೆಸಿಕೊಳ್ಳುವ ಕೇರಳದ ಕಾರಿನವರು. ಎಪ್ಪತ್ತು ಕಿಲೋ ಅಂದರೆ ಎಷ್ಟು ಕೊಡ ನೀರಾಗುತ್ತದೆಂದು ಅತ್ತೆ ಕೇಳಿದರು. ನಾಲ್ಕಕ್ಕಿಂತ ಮೇಲೆ ಎಂದೆ. ಅವರು ಬೆರಳು ಮಡಚಿ ಎಣಿಸಿಕೊಂಡು ಹೇಳಿದರು:

“ನಂಗೂ ಬೆನ್ನು ನೋಯ್ತದೆ ಕಣಮ್ಮಿ.”

ಯಾವಾಗಿನಿಂದ ಎಂದು ಕೇಳಿದೆ. ನಿನಗೆ ಆಪರೇಷನ್ ಆದ ವರ್ಷದಿಂದ ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದೆ.

“ನಿಂಗೇಳಿದ್ರೆ ನೀನು ಎತ್ಬುಡ್ತಿದ್ದೆ.”

ಆ ಹನ್ನೆರಡು ವರ್ಷ ಭಾರ ಎತ್ತಬಾರದೆಂಬುದು ನನ್ನ ಕಷ್ಟವೆಂದೇ ನಾನು ತಿಳಿದಿದ್ದೆ. ಎತ್ತುತ್ತಿದ್ದವರ ಬೆನ್ನಿನ ವಿಚಾರ ಒಮ್ಮೆಯೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಪದಕವನ್ನು ಕೊರಳಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ.

ಅತ್ತೆಯ ಬೆನ್ನಿಗೆ ಈಗ ಔಷಧಿ ನಡೆಯುತ್ತಿದೆ. ಕೊಡಪಾನ, ರಾಗಿ ಚೀಲ, ಸಿಲಿಂಡರ್ ಎಲ್ಲ ನನ್ನವು. ಇವತ್ತು ನಮ್ಮ ಬೀದಿಗೆ ನೀರು ಬಿಡುವ ದಿನ. ಬೆಲ್ಲು ಹೊಡೆದ ಕೂಡಲೇ ಹೊರಡಬೇಕು, ನಿಮ್ಮ ಜೊತೆ ಮಾತಿಗೆ ನಿಂತರೆ ಆಗದು. ನಾನು ಹತ್ತು ನಿಮಿಷ ತಡಮಾಡಿದರೂ ಸಾಕು, ಅತ್ತೆ ಒಂದು ಕೊಡ ತಂದುಬಿಟ್ಟಿರುತ್ತಾರೆ.